ಎದ್ದು ಕೂತರೆ ಸಾಲದು

ಎಚ್ಚರ ತಪ್ಪಿ ಬಿದ್ದವರು ಎರಡು ನಿಮಿಷದಲ್ಲಿ ಕಣ್ಣು ಬಿಟ್ಟು, ಒಂದು ಲೋಟ ನೀರು ಕುಡಿದು ಎದ್ದು ಕೂತರೆ ನಮ್ಮಲ್ಲಿ ವಿಷಯ ಅಲ್ಲಿಗೆ ಮುಗಿಯಿತು. ಸುತ್ತ ನೆರೆದವರ ಬಾಯಲ್ಲಿ ಕಾರಣಗಳಿಗೇನೂ ಬರವಿಲ್ಲ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ, ಬಿಸಿಲು ಜೋರಾಗಿತ್ತು, ಪಿತ್ತ ನೆತ್ತಿಗೇರಿದೆ, ಬಿಪಿ ಲೋ ಆಗಿದೆ, ರಾತ್ರಿ ನಿದ್ದೆಯಿಲ್ಲ. ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದರೂ ಬಹಳ ಸಲ ಕೇಳಿಬರುವುದು ಇದೇ ಮಾತು: ವೀಕ್‌ನೆಸ್ಸು, ಒಂದು ಬಾಟ್ಲಿ ಗ್ಲೂಕೋಸ್ ಹಾಕೋಣ. ಬಿದ್ದವರಿಗೆ ಮೊದಲಿನಿಂದಲೇ ಎದೆಬಡಿತದ ಏರುಪೇರು ಇದೆಯೆಂದು ಮನೆಯವರಿಗೆ ಗೊತ್ತಿದ್ದರಂತೂ ಸಮಾಧಾನ ಇನ್ನೂ ಬೇಗ ಸಿಗುತ್ತದೆ. "ಅವರಿಗೆ ಹಾರ್ಟ್ ಬೀಟು ಸ್ವಲ್ಪ ಹೆಚ್ಚುಕಮ್ಮಿ ಇದೆ, ಮಾತ್ರೆ ತಗೋತಿದಾರೆ, ಒಂದೊಂದ್ಸಲ ಹಿಂಗಾಗುತ್ತೆ ಬಿಡಿ."

ನನ್ನ ತಕರಾರು ಮುಖ್ಯವಾಗಿ ಈ ಕೊನೆಯ ಮಾತಿನ ಮೇಲೆ. ಎದೆಬಡಿತದ ತೊಂದರೆ ಇರುವವರು ಎಚ್ಚರ ತಪ್ಪಿ ಬೀಳುವುದನ್ನು ಆ ಕಾಯಿಲೆಯ ಜೊತೆಗೆ ಬರುವ ಮಾಮೂಲು ಕಿರಿಕಿರಿ ಎಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಈ ಒಪ್ಪಿಗೆ ಜೀವ ತೆಗೆಯುತ್ತದೆ. ಬಡಿತ ಬರೀ ಅಂಕುಡೊಂಕಾಗಿದ್ದರೆ ಎದೆ ಡವಡವ ಎನ್ನಬಹುದು, ಮೆಟ್ಟಿಲು ಹತ್ತುವಾಗ ಏದುಸಿರು ಬರಬಹುದು, ಸುಸ್ತಾಗಬಹುದು. ಅಷ್ಟಕ್ಕೇ ಮನುಷ್ಯ ಕಡಿದ ಮರದಂತೆ ನೆಲಕ್ಕೆ ಬೀಳುವುದಿಲ್ಲ. ಬಿದ್ದರೆ, ಹೃದಯದೊಳಗೆ ಅದಕ್ಕಿಂತ ದೊಡ್ಡದೊಂದು ನಡೆದಿದೆ ಎಂದೇ ಹಿಡಿಯಬೇಕು. ಹಾಗಲ್ಲವೆಂದು ಪರೀಕ್ಷೆ ಮಾಡಿ ತೋರಿಸುವವರೆಗೂ ಹಾಗೆಯೇ ಹಿಡಿದಿರಬೇಕು.

ಮಿದುಳಿಗೆ ರಕ್ತದ ಉಳಿತಾಯ ಅನ್ನುವುದೇ ಇಲ್ಲ. ಆರೆಂಟು ಸೆಕೆಂಡು ಅದಕ್ಕೆ ರಕ್ತ ಹೋಗದಿದ್ದರೆ ಎಚ್ಚರ ಹೋಗುತ್ತದೆ. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಇಳಿಯುವ ವಿದ್ಯುತ್ ಸಂಕೇತ ನಡುವೆ ತಡೆದು ನಿಂತರೆ ನಾಡಿ ಮೂವತ್ತಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ, ಇಲ್ಲವೇ ಕೆಲವು ಸೆಕೆಂಡು ಪೂರ್ತಿ ನಿಂತೇಬಿಡುತ್ತದೆ. ಇದಕ್ಕೆ ಉಲ್ಟಾ, ಕೆಳಗಿನ ಕೋಣೆಗಳೇ ಹುಚ್ಚೆದ್ದು ನಿಮಿಷಕ್ಕೆ ಇನ್ನೂರು ಇನ್ನೂರೈವತ್ತು ಸಲ ಬಡಿಯತೊಡಗಿದರೆ, ಒಂದು ಬಡಿತಕ್ಕೂ ಮತ್ತೊಂದಕ್ಕೂ ನಡುವೆ ಹೃದಯಕ್ಕೆ ರಕ್ತ ತುಂಬಿಕೊಳ್ಳಲು ಬಿಡುವೇ ಸಿಗುವುದಿಲ್ಲ. ನೀರಿಲ್ಲದ ಬಾವಿಯಲ್ಲಿ ಪಂಪ್‌ಸೆಟ್ಟು ಓಡಿದ ಹಾಗೆ, ಶಬ್ದವೇ ಹೊರತು ಮೇಲಕ್ಕೆ ಏನೂ ಬರುವುದಿಲ್ಲ. ಎರಡರಲ್ಲೂ ಮನುಷ್ಯ ಇದ್ದಕ್ಕಿದ್ದಂತೆ ಬೀಳುತ್ತಾನೆ. ಹೃದಯ ತಾನಾಗಿಯೇ ಸರಿದಾರಿಗೆ ಬಂದರೆ ತಟ್ಟನೆ ಎದ್ದು ಕೂರುತ್ತಾನೆ, ಮಾತಾಡುತ್ತಾನೆ, ನಗುತ್ತಾನೆ. ಬರದಿದ್ದರೆ ಏಳುವುದಿಲ್ಲ. ಬಿದ್ದು ಎದ್ದವನಿಗೂ ಬಿದ್ದಲ್ಲೇ ಹೋದವನಿಗೂ ನಡುವೆ ಇರುವ ಅಂತರ ಆ ಕೆಲವು ಸೆಕೆಂಡುಗಳದ್ದು. "ಎದ್ದು ಕೂತರಲ್ಲ, ಇನ್ನೇನು" ಎಂದು ನಿರಾಳರಾಗುವವರು ಇದನ್ನು ಒಮ್ಮೆ ಯೋಚಿಸಬೇಕು. ಥಟ್ಟನೆ ಬಿದ್ದು ಥಟ್ಟನೆ ಏಳುವುದು ಹೃದಯದಿಂದ ಬಂದ ಎಚ್ಚರತಪ್ಪುವಿಕೆಯ ಗುರುತೇ ಆಗಿರುವಾಗ, ನಾವು ಅದನ್ನೇ ಆರೋಗ್ಯದ ಪ್ರಮಾಣಪತ್ರ ಎಂದು ಓದಿಕೊಳ್ಳುತ್ತಿದ್ದೇವೆ.

ಎಚ್ಚರ ತಪ್ಪುವವರಲ್ಲಿ ಹೆಚ್ಚಿನವರಿಗೆ ಏನೂ ಅಪಾಯವಿಲ್ಲ ಎಂಬ ವಾದ ಇದೆ, ಮತ್ತು ಅದು ನಿಜ. ಮದುವೆ ಮನೆಯ ಸೆಕೆಯಲ್ಲಿ, ದೇವಸ್ಥಾನದ ಉದ್ದನೆಯ ಸಾಲಿನಲ್ಲಿ, ರಕ್ತ ತೆಗೆಯುವ ಸೂಜಿ ನೋಡಿ ಬೀಳುವ ಹುಡುಗ ಹುಡುಗಿಯರ ಹೃದಯ ಸಾಮಾನ್ಯವಾಗಿ ಗಟ್ಟಿಮುಟ್ಟಾಗಿರುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ತಲೆಮಾರುಗಳ ಕಾಲ ಹಿಂಬಾಲಿಸಿದ ಪ್ರಸಿದ್ಧ ಅಧ್ಯಯನ 2002ರಲ್ಲಿ ಇದನ್ನೇ ಹೇಳಿತು. ಅಲ್ಲಿ 7,814 ಜನರಲ್ಲಿ 822 ಮಂದಿ ಎಂದಾದರೊಮ್ಮೆ ಎಚ್ಚರ ತಪ್ಪಿದವರು. ಭಯಕ್ಕೋ ನೋವಿಗೋ ಬಹಳ ಹೊತ್ತು ನಿಂತಿದ್ದಕ್ಕೋ ಬಿದ್ದವರ ಆಯುಷ್ಯಕ್ಕೆ ಅದರಿಂದ ಯಾವ ಕುತ್ತೂ ಕಾಣಲಿಲ್ಲ. ಆದರೆ ಅದೇ ಅಧ್ಯಯನದ ಇನ್ನೊಂದು ಸಾಲನ್ನು ಈ ವಾದ ಹೂಡುವವರು ಹೇಳುವುದಿಲ್ಲ: ಹೃದಯದ ಕಾರಣಕ್ಕೆ ಬಿದ್ದವರಲ್ಲಿ ಸಾವಿನ ಅಪಾಯ ಎಂದೂ ಬೀಳದವರಿಗಿಂತ ಎರಡು ಪಟ್ಟು. ಒಟ್ಟು ಬಿದ್ದವರಲ್ಲಿ ಇವರು ನೂರಕ್ಕೆ ಹತ್ತರಷ್ಟು. "ಹೆಚ್ಚಿನವರಿಗೆ ಏನೂ ಆಗುವುದಿಲ್ಲ" ಎಂಬ ಮಾತನ್ನು ಇಡೀ ಊರಿನ ಬಗ್ಗೆ ಹೇಳಿದರೆ ಸರಿ. ಅದನ್ನೇ ಈಗಾಗಲೇ ಬಡಿತದ ತೊಂದರೆ ಇದೆಯೆಂದು ಗೊತ್ತಿರುವವರ ಹಾಸಿಗೆಯ ಪಕ್ಕ ನಿಂತು ಹೇಳುವುದು ಅನ್ಯಾಯ. ಅವರು ಆ ಹತ್ತರ ಗುಂಪಿನ ಹೊಸ್ತಿಲಲ್ಲೇ ನಿಂತಿದ್ದಾರೆ.

ಇದು ಹೊಸ ವಿದ್ಯೆಯೂ ಅಲ್ಲ. ಡಬ್ಲಿನ್ನಿನ ವೈದ್ಯ ರಾಬರ್ಟ್ ಆಡಮ್ಸ್, ಪದೇ ಪದೇ ಎಚ್ಚರ ತಪ್ಪಿ ಬೀಳುತ್ತಿದ್ದ ಒಬ್ಬ ಹಿರಿಯ ಅಧಿಕಾರಿಯ ನಾಡಿ ಅಸಾಧಾರಣವಾಗಿ ನಿಧಾನವಾಗಿದ್ದುದನ್ನು ಗಮನಿಸಿ, ಮೂಲ ತಲೆಯಲ್ಲಿಲ್ಲ, ಹೃದಯದಲ್ಲಿದೆ ಎಂದು 1827ರಲ್ಲೇ ಬರೆದ. ಅದೇ ಊರಿನ ವಿಲಿಯಂ ಸ್ಟೋಕ್ಸ್ 1846ರಲ್ಲಿ ಆ ಮಾತನ್ನು ಗಟ್ಟಿಗೊಳಿಸಿದ. ಅವರ ಬಳಿ ಇಸಿಜಿ ಇರಲಿಲ್ಲ, ಎಕೋ ಇರಲಿಲ್ಲ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಎಣಿಸುವ ತಾಳ್ಮೆ ಇತ್ತು. ನಾಡಿ ಹಿಡಿದು ಕಾಯಿಲೆ ಹೇಳುವ ಪರಂಪರೆ ನಮ್ಮದೆಂದು ಹೆಮ್ಮೆಪಡುವ ನಾವು, ಬಿದ್ದವರ ಮೂಗಿಗೆ ಈರುಳ್ಳಿ ಹಿಡಿಯಲು ಓಡುತ್ತೇವೆ, ಕೈಗೆ ಕೀಲಿಕೈ ಗೊಂಚಲು ತುರುಕುತ್ತೇವೆ. ನಾಡಿ ನೋಡುವವರು ಮಾತ್ರ ಒಬ್ಬರೂ ಇರುವುದಿಲ್ಲ.

ಸ್ಟೋಕ್ಸ್ ಮತ್ತು ಆಡಮ್ಸ್ ಹೆಸರಿನ ಆ ಕಾಯಿಲೆಯಿಂದಲೇ ಸ್ವೀಡನ್ನಿನ ಅರ್ನೆ ಲಾರ್ಸನ್ ನರಳುತ್ತಿದ್ದ. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಎಚ್ಚರ ತಪ್ಪುತ್ತಿತ್ತು. ಇದು ಹೀಗೇ ಎಂದು ಕೈಕಟ್ಟಿ ಕೂರಲು ಅವನ ಹೆಂಡತಿ ಎಲ್ಸೆ ಮರೀ ಒಪ್ಪಲಿಲ್ಲ. ಇನ್ನೂ ಮನುಷ್ಯರ ಮೇಲೆ ಬಳಸಿಯೇ ಇರದ ಯಂತ್ರವನ್ನು ಮಾಡಿಕೊಡಿ ಎಂದು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನುಬಿದ್ದಳು. 1958ರ ಅಕ್ಟೋಬರ್ 8ರಂದು ಲಾರ್ಸನ್ನನ ದೇಹದೊಳಗೆ ಜಗತ್ತಿನ ಮೊದಲ ಪೇಸ್‌ಮೇಕರ್ ಇಟ್ಟರು. ಅದು ಕೆಲವೇ ಗಂಟೆಗಳಲ್ಲಿ ಕೆಟ್ಟಿತು, ಇನ್ನೊಂದನ್ನು ಇಟ್ಟರು. ಮುಂದೆ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡು ಅವನು 2001ರವರೆಗೆ, 86 ವರ್ಷ ಬದುಕಿದ. ಅವನನ್ನು ಉಳಿಸಿದ ಸೆನ್ನಿಂಗ್ ಮತ್ತು ಎಲ್ಮ್‌ಕ್ವಿಸ್ಟ್ ಇಬ್ಬರೂ ಅವನಿಗಿಂತ ಮೊದಲೇ ತೀರಿಕೊಂಡರು. ಲಾರ್ಸನ್ನನಿಗೆ ಆಗ ಪ್ರಯೋಗವಾಗಿದ್ದದ್ದು ಇಂದು ಮಾಮೂಲು ಚಿಕಿತ್ಸೆ. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಆಸ್ಪತ್ರೆಗಳಲ್ಲಿ ಸಿಗುತ್ತದೆ, ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ಪಟ್ಟಿಯಲ್ಲೂ ಇದೆ. ಇಷ್ಟಿದ್ದೂ ಒಬ್ಬ ಅಜ್ಜ "ವಯಸ್ಸಾಯ್ತಲ್ಲ" ಎಂಬ ಮಾತು ಕೇಳುತ್ತಲೇ ಬಚ್ಚಲುಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ತಪ್ಪು ವಯಸ್ಸಿನದ್ದಲ್ಲ.

ಇನ್ನು ಫಿಟ್ಸ್ ವಿಚಾರ. ಬಿದ್ದವರ ಕೈಕಾಲು ಅದುರಿದರೆ, ಕಣ್ಣು ಮೇಲಕ್ಕೆ ತಿರುಗಿದರೆ ಸುತ್ತ ನಿಂತವರ ತೀರ್ಪು ಆ ಕ್ಷಣವೇ ಹೊರಬೀಳುತ್ತದೆ. ಎಷ್ಟೋ ವೈದ್ಯರೂ ಅದನ್ನೇ ನಂಬಿ ಫಿಟ್ಸ್ ಮಾತ್ರೆ ಬರೆಯುತ್ತಾರೆ. ಜರ್ಮನಿಯ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆರೋಗ್ಯವಂತ ಯುವಕ ಯುವತಿಯರಿಗೆ ಬೇಕೆಂದೇ ಎಚ್ಚರ ತಪ್ಪುವಂತೆ ಮಾಡಿ ವಿಡಿಯೋ ತೆಗೆದರು. ಪೂರ್ತಿ ಎಚ್ಚರ ತಪ್ಪಿದ 42 ಜನರಲ್ಲಿ 38 ಮಂದಿಯ ಕೈಕಾಲು ಅದುರಿದವು. ಅವರಲ್ಲಿ ಯಾರಿಗೂ ಫಿಟ್ಸ್ ಕಾಯಿಲೆ ಇರಲಿಲ್ಲ. ಮಿದುಳಿಗೆ ರಕ್ತ ತಪ್ಪಿದರೆ ಅದುರುವುದು ಅದರ ಸಹಜ ವರ್ತನೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಫಿಟ್ಸ್ ಎಂದು ಹಣೆಪಟ್ಟಿ ಹಚ್ಚಿಸಿಕೊಂಡ 74 ಜನರನ್ನು ಹೃದಯ ಮತ್ತು ರಕ್ತನಾಳಗಳ ಕಡೆಯಿಂದ ಮತ್ತೆ ಪರೀಕ್ಷಿಸಿ 2000ದಲ್ಲಿ ವರದಿ ಮಾಡಿದರು. 31 ಜನರ ಎಚ್ಚರ ತಪ್ಪುವಿಕೆಗೆ ಬೇರೆಯೇ ಕಾರಣ ಸಿಕ್ಕಿತು. ಹಾಗಾದರೆ ಅವರಲ್ಲಿ ಕೆಲವರು ಅಲ್ಲಿಯವರೆಗೆ ನುಂಗಿದ್ದ ಮಾತ್ರೆಗಳು ಯಾತಕ್ಕೆ?

ನಮ್ಮಲ್ಲಿ ಆ ಹಣೆಪಟ್ಟಿಯ ಭಾರ ಇನ್ನೂ ಹೆಚ್ಚು. 1999ರ ತಿದ್ದುಪಡಿ ಬರುವವರೆಗೆ ಹಿಂದೂ ವಿವಾಹ ಕಾಯ್ದೆಯಲ್ಲಿ ಫಿಟ್ಸ್ ಕಾಯಿಲೆ ಮದುವೆಗೆ ಅಡ್ಡಿಯಾಗಿತ್ತು. ಕಾಯ್ದೆ ಬದಲಾದರೂ ಗಂಡು ಹೆಣ್ಣು ನೋಡುವ ಜನ ಬದಲಾಗಿಲ್ಲ. ಹಾಗಾಗಿ ಮಗಳು ಶಾಲೆಯಲ್ಲಿ ಬಿದ್ದದ್ದನ್ನು ಮನೆಯವರು ಮುಚ್ಚಿಡುತ್ತಾರೆ, ಎರಡನೆಯ ಸಲ ಬಿದ್ದರೆ ದರ್ಗಾಕ್ಕೋ ದೇವಸ್ಥಾನಕ್ಕೋ ಕರೆದೊಯ್ದು ತಾಯತ ಕಟ್ಟಿಸುತ್ತಾರೆ. ಸಿಟ್ಟು ಬಂದಾಗಲೋ ಬೈದಾಗಲೋ ಬಿದ್ದರೆ ನಾಟಕ ಎನ್ನುವವರೂ ಇದ್ದಾರೆ. ಈ ನಾಟಕದ ಆರೋಪದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1856ರಷ್ಟು ಹಿಂದೆಯೇ ಜರ್ಮನಿಯ ಮೈಸ್ನರ್ ಎಂಬ ವೈದ್ಯ, ಶಾಲೆಯಲ್ಲಿ ಎಲ್ಲರೆದುರು ಬೈಸಿಕೊಂಡ ಕಿವುಡ ಹುಡುಗಿಯೊಬ್ಬಳು ನಿಂತಲ್ಲೇ ಬಿದ್ದು ಸತ್ತದ್ದನ್ನು ದಾಖಲಿಸಿದ್ದಾನೆ. ಸುದ್ದಿ ಮುಟ್ಟಿದಾಗ ತಂದೆತಾಯಿಗೆ ಆಶ್ಚರ್ಯವಾಗಲಿಲ್ಲವಂತೆ. ಅವಳ ಒಡಹುಟ್ಟಿದವರಿಬ್ಬರು ಆಗಲೇ ಹೀಗೇ ಗಾಬರಿಯಲ್ಲಿ, ಸಿಟ್ಟಿನಲ್ಲಿ ಹೋಗಿದ್ದರು. ನೂರು ವರ್ಷ ಕಳೆದ ಮೇಲೆ, 1957ರಲ್ಲಿ, ನಾರ್ವೆಯ ಜೆರ್ವೆಲ್ ಮತ್ತು ಲಾಂಗೆ ನೀಲ್ಸನ್ ಅಂಥದೇ ಕುಟುಂಬವೊಂದನ್ನು ವಿವರಿಸಿದರು. ಆರು ಮಕ್ಕಳಲ್ಲಿ ನಾಲ್ವರು ಹುಟ್ಟುಕಿವುಡರು, ನಾಲ್ವರೂ ಎಚ್ಚರ ತಪ್ಪಿ ಬೀಳುವವರು, ಮೂವರು ಎಳವೆಯಲ್ಲೇ ತೀರಿಕೊಂಡರು. ಇಸಿಜಿಯಲ್ಲಿ ಒಂದು ಅಂತರ, ಕ್ಯೂಟಿ ಎನ್ನುತ್ತಾರೆ, ಉದ್ದವಾಗಿತ್ತು. ಪ್ರತಿ ಬಡಿತದ ನಂತರ ಹೃದಯ ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಗಾಬರಿಯೋ ಓಟವೋ ಸೇರಿದರೆ ಬಡಿತ ಹುಚ್ಚೇಳುತ್ತದೆ. ಕಿವುಡಿಲ್ಲದ ಬಗೆಯೂ ಇದೆ, ಅದೇ ಹೆಚ್ಚು. ಕೆಲವರು ಈಜುವಾಗ, ಓಡುವಾಗ ಬೀಳುತ್ತಾರೆ. ಕೆಲವರನ್ನು ಅಲಾರಂ ಅಥವಾ ಫೋನಿನ ಗಂಟೆಯ ಸದ್ದೇ ಬೀಳಿಸುತ್ತದೆ.

ಕಿವುಡು ಜೊತೆಗಿರುವ ಬಗೆ ಬರಬೇಕಾದರೆ ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ವಂಶವಾಹಿ ಸಿಗಬೇಕು. ಸೋದರಮಾವನನ್ನೂ ಅತ್ತೆಮಗನನ್ನೂ ಮದುವೆಯಾಗುವ ರೂಢಿ ಇನ್ನೂ ಗಟ್ಟಿಯಾಗಿರುವ ಕರ್ನಾಟಕದಲ್ಲಿ ಇದು ದೂರದ ನಾರ್ವೆಯ ಕತೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿಯ ಮದುವೆಗಳಲ್ಲಿ ಸುಮಾರು ಕಾಲುಭಾಗ ರಕ್ತಸಂಬಂಧದಲ್ಲಿ ಆದವು. ಹುಟ್ಟುಕಿವುಡ ಮಗು ಒಮ್ಮೆ ಎಚ್ಚರ ತಪ್ಪಿತೆಂದರೆ ಇಸಿಜಿ ತೆಗೆಯದೆ ಮನೆಗೆ ಕಳಿಸುವುದು ಅಪರಾಧಕ್ಕೆ ಸಮ ಎಂದೇ ನನ್ನ ಅಭಿಪ್ರಾಯ. ಈ ಮಕ್ಕಳ ಚಿಕಿತ್ಸೆ ಶುರುವಾಗುವುದು ಪ್ರೊಪ್ರನೊಲಾಲ್‌ನಂಥ ಹಳೆಯ, ಅಗ್ಗದ ಮಾತ್ರೆಯಿಂದ.

ಕಾಯಿಲೆ ಗೊತ್ತಿದ್ದೂ ಬೀಳುವುದನ್ನು ಹಗುರವಾಗಿ ಕಂಡರೆ ಏನಾಗುತ್ತದೆ ಎಂಬುದಕ್ಕೆ ಹ್ಯಾಂಕ್ ಗ್ಯಾದರ್ಸ್‌ಗಿಂತ ಕಟುವಾದ ಉದಾಹರಣೆ ನನಗೆ ತಿಳಿದಿಲ್ಲ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ ದೊಡ್ಡ ಹೆಸರು, 1989ರ ಡಿಸೆಂಬರ್ 9ರಂದು ಪಂದ್ಯದ ನಡುವೆ ಎಚ್ಚರ ತಪ್ಪಿ ಬಿದ್ದ. ಪರೀಕ್ಷೆಯಲ್ಲಿ ಎದೆಬಡಿತದ ತೊಂದರೆ ಪತ್ತೆಯಾಯಿತು, ಪ್ರೊಪ್ರನೊಲಾಲ್ ಕೊಟ್ಟರು. ಮಾತ್ರೆಯಿಂದ ಮೈ ಭಾರ, ಆಟ ಮಂದ ಎಂದು ಅವನಿಗೆ ಅನಿಸಿತು. ಪ್ರಮಾಣ ಇಳಿಸಲಾಯಿತು. ಕೆಲವೇ ವಾರಗಳಲ್ಲಿ ಅವನು ಮತ್ತೆ ಅಂಗಳದಲ್ಲಿದ್ದ, ಚೆನ್ನಾಗಿಯೇ ಆಡುತ್ತಿದ್ದ. 1990ರ ಮಾರ್ಚ್ 4ರಂದು ಮತ್ತೆ ಬಿದ್ದ, 23ನೆಯ ವಯಸ್ಸಿಗೇ ಹೋದ. ಡಿಸೆಂಬರಿನಿಂದ ಮಾರ್ಚಿನವರೆಗೆ ಅವನನ್ನು ನೋಡಿದವರೆಲ್ಲರ ಕಣ್ಣಿಗೆ ಅವನು ಎದ್ದು ಓಡಾಡುತ್ತಿದ್ದ ಹುಡುಗ.

ವಯಸ್ಸಾದವರಲ್ಲಿ ತೊಡಕು ಬೇರೆ ತರಹದ್ದು. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್ ಇರುವವರು ಈಗ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಕೆಲವರಲ್ಲಿ ಆ ಅದುರಾಟ ತಾನಾಗಿ ನಿಂತ ಕ್ಷಣದಲ್ಲಿ, ಸಹಜ ಬಡಿತ ಮರಳಿ ಶುರುವಾಗುವ ಮೊದಲು ಹಲವು ಸೆಕೆಂಡು ಹೃದಯ ಸುಮ್ಮನಿರುತ್ತದೆ. ಬೀಳುವುದು ಆಗ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಸರಿಹೋಗಿರುತ್ತದೆ, ಇಸಿಜಿಯೂ ಚೆನ್ನಾಗಿಯೇ ಬರುತ್ತದೆ. ಇನ್ನು ಕೆಲವರನ್ನು ಮಾತ್ರೆಯೇ ಬೀಳಿಸುತ್ತದೆ. ಬಡಿತ ಇಳಿಸಲು ಕೊಟ್ಟ ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್ ವಯಸ್ಸಾದ ದೇಹದಲ್ಲಿ, ಅದರಲ್ಲೂ ಮೂತ್ರಪಿಂಡ ದಣಿದಿದ್ದರೆ, ಅಳತೆ ಮೀರುವುದುಂಟು. ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಎಂಬ ಕಣ್ಣಿನ ಹನಿ ಕೂಡ ರಕ್ತಕ್ಕೆ ಸೇರಿ ಬಡಿತ ಇಳಿಸಬಲ್ಲದು. ಕಣ್ಣಿನ ಡಾಕ್ಟರು ಕೊಟ್ಟ ಹನಿಯ ವಿಷಯವನ್ನು ಹಾರ್ಟ್ ಡಾಕ್ಟರಿಗೆ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಕೆಲವು ಆ್ಯಂಟಿಬಯೋಟಿಕ್‌ಗಳು, ವಾಂತಿ ನಿಲ್ಲಿಸಲು ಕೊಡುವ ಡೊಂಪೆರಿಡೋನ್, ಒಂಡಾನ್‌ಸೆಟ್ರಾನ್ ಕ್ಯೂಟಿ ಅಂತರವನ್ನು ಉದ್ದಮಾಡುತ್ತವೆ. ಭೇದಿಯಾಗಿ ಪೊಟ್ಯಾಸಿಯಂ ಇಳಿದ ದಿನ ಈ ಮಾತ್ರೆಯೂ ಹೊಟ್ಟೆ ಸೇರಿದರೆ ಅಪಾಯ ಹೆಚ್ಚುತ್ತದೆ. ಬಿದ್ದವರ ಮಾತ್ರೆಯ ಡಬ್ಬಿಯನ್ನು ಪೂರ್ತಿ ಮೇಜಿನ ಮೇಲೆ ಸುರಿದು ನೋಡದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಬಿದ್ದಮೇಲೆ ಮನೆಯವರು ಮಾಡುವ ಇನ್ನೊಂದು ಅನಾಹುತವಿದೆ. ಇವರು ಬೀಳುತ್ತಾರೆ, ತಲೆಗೆ ಏಟಾದರೆ ರಕ್ತ ನಿಲ್ಲುವುದಿಲ್ಲ ಎಂದು ಹೆದರಿ ರಕ್ತ ತೆಳುವಾಗಿಸುವ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಏಟ್ರಿಯಲ್ ಫಿಬ್ರಿಲೇಶನ್ ಇರುವವರಲ್ಲಿ ಆ ಮಾತ್ರೆ ಪಾರ್ಶ್ವವಾಯುವನ್ನು ತಡೆದು ನಿಲ್ಲಿಸಿರುತ್ತದೆ. ಕೆನಡಾದ ಸಂಶೋಧಕರು 1999ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು: ವಾರ್ಫರಿನ್‌ನಿಂದ ಆಗುವ ಲಾಭವನ್ನು ಬೀಳುವುದರ ಅಪಾಯ ಮೀರಬೇಕಾದರೆ ಒಬ್ಬ ವ್ಯಕ್ತಿ ವರ್ಷಕ್ಕೆ ಸುಮಾರು 295 ಸಲ ಬೀಳಬೇಕು. ತಲೆಗೆ ಏಟಾಗಿದ್ದರೆ ಕೂಡಲೇ ಸ್ಕ್ಯಾನ್ ಮಾಡಿಸಲೇಬೇಕು, ಅದು ಬೇರೆ. ಆದರೆ ಬಿದ್ದದ್ದಕ್ಕೆ ಪರಿಹಾರ ಬೀಳುವ ಕಾರಣ ಹುಡುಕುವುದು. ಮಾತ್ರೆ ನಿಲ್ಲಿಸುವ ಮಾತು ವೈದ್ಯರ ಬಾಯಿಂದ ಬರಬೇಕೇ ಹೊರತು ಮನೆಯ ಜಗಲಿಯಲ್ಲಿ ತೀರ್ಮಾನವಾಗಬಾರದು.

ಸ್ಕ್ಯಾನ್ ಎಂದಾಗ ಖಾಸಗಿ ಆಸ್ಪತ್ರೆಗಳ ಒಂದು ರೂಢಿಯನ್ನೂ ಹೇಳಬೇಕು. ತಲೆಗೆ ಏಟಿಲ್ಲ, ಮಾತು ತೊದಲಿಲ್ಲ, ಕೈಕಾಲು ಬಲವಾಗಿದೆ, ಆದರೂ ಎಚ್ಚರ ತಪ್ಪಿದರು ಎಂದರೆ ಮೊದಲು ಮಿದುಳಿನ ಎಂಆರ್‌ಐ. 2017ರ ಅಮೆರಿಕದ ಮಾರ್ಗಸೂಚಿಯೂ 2018ರ ಯುರೋಪಿನ ಮಾರ್ಗಸೂಚಿಯೂ ಹೇಳುವುದು ಬೇರೆ: ಮೊದಲು ನಡೆದದ್ದನ್ನು ಪೂರ್ತಿ ಕೇಳಿ, ಮಲಗಿಸಿ ಮತ್ತು ನಿಲ್ಲಿಸಿ ಬಿಪಿ ನೋಡಿ, ಇಸಿಜಿ ತೆಗೆಯಿರಿ. ನರದ ತೊಂದರೆಯ ಲಕ್ಷಣ ಇಲ್ಲದಿದ್ದರೆ ಮಿದುಳಿನ ಸ್ಕ್ಯಾನಿನಿಂದ ಉಪಯೋಗವಿಲ್ಲ. ಸಾವಿರಾರು ರೂಪಾಯಿಯ ಚಿತ್ರ ತೆಗೆಸಿ, ಅದು ನಾರ್ಮಲ್ ಬಂದಿದೆ ಎಂದು ನೆಮ್ಮದಿಯಿಂದ ಮನೆಗೆ ಹೋಗುವ ಕುಟುಂಬಕ್ಕೆ ಕೆಲವು ನೂರು ರೂಪಾಯಿಯ ಇಸಿಜಿ ಆಗಲಿಲ್ಲ ಎಂಬುದು ಗೊತ್ತೇ ಇರುವುದಿಲ್ಲ.

ಎಲ್ಲರನ್ನೂ ಹೀಗೆ ಹೆದರಿಸಿದರೆ ಆಸ್ಪತ್ರೆಗಳ ಮುಂದೆ ಜಾತ್ರೆಯಾಗುತ್ತದೆ ಎನ್ನುತ್ತಾರೆ. 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿದಾಗ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತದ್ದನ್ನು ನೆನಪಿಸುತ್ತಾರೆ. ಆ ಗಾಬರಿಗೆ ಯಾರನ್ನು ಮೊದಲು ನೋಡಬೇಕು ಎಂಬ ವಿವೇಚನೆ ಇರಲಿಲ್ಲ. ನಾನು ಕೇಳುತ್ತಿರುವುದು ಆ ವಿವೇಚನೆಯನ್ನೇ. ನಿಂತಾಗ, ವಾಕರಿಕೆ ಬಂದು, ಬೆವತು, ಕಣ್ಣು ಮಂಜಾಗಿ ಬಿದ್ದ ಹದಿಹರೆಯದವರು ಕಾಯಬಹುದು. ಓಡುವಾಗ ಬಿದ್ದವರು, ಕೂತಲ್ಲಿ ಅಥವಾ ಮಲಗಿದ್ದಲ್ಲಿ ಎಚ್ಚರ ತಪ್ಪಿದವರು, ಮುನ್ಸೂಚನೆಯಿಲ್ಲದೆ ಬಿದ್ದು ಮುಖ ಜಜ್ಜಿಕೊಂಡವರು, ಎಳೆವಯಸ್ಸಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡ ಮನೆಯವರು, ಮೊದಲೇ ಎದೆಬಡಿತದ ತೊಂದರೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಕಾಯಬಾರದು. ಇವರನ್ನು ಬೇರ್ಪಡಿಸಲು ಬೇಕಾದದ್ದು ನಾಲ್ಕು ಪ್ರಶ್ನೆ ಕೇಳುವ ವ್ಯವಧಾನ.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ಕೂಡಲೇ ಓದುವ ಏರ್ಪಾಡು ಇದೆ. ಅದು ಎದೆನೋವಿನವರನ್ನು ಗಮನದಲ್ಲಿಟ್ಟು ಹುಟ್ಟಿದ್ದು. ಎಚ್ಚರ ತಪ್ಪಿ ಬಂದ ಪ್ರತಿಯೊಬ್ಬರನ್ನೂ ಅದೇ ಮೇಜಿನ ಮೇಲೆ ಮಲಗಿಸಬೇಕೆಂಬ ಒಂದು ಸುತ್ತೋಲೆ ಹೊರಡಿಸಲು ಆರೋಗ್ಯ ಇಲಾಖೆಗೆ ಹೊಸ ಯಂತ್ರ ಬೇಡ. ವಾಹನ ಚಾಲನಾ ಪರವಾನಗಿಯ ಅರ್ಜಿಯಲ್ಲಿ ಎಚ್ಚರ ತಪ್ಪುವ ತೊಂದರೆ ಇದೆಯೇ ಎಂಬ ಪ್ರಶ್ನೆ ಈಗಾಗಲೇ ಇದೆ. ಇಲ್ಲ ಎಂದು ಬರೆದು ಸಹಿ ಹಾಕಿದರೆ ಮುಗಿಯಿತು. ಸ್ಟಿಯರಿಂಗ್ ಹಿಡಿದವನು ಆ ಸಹಿಯ ಹಿಂದೆ ಅಡಗಿಸಿಟ್ಟದ್ದು ಅವನೊಬ್ಬನ ಪ್ರಾಣವನ್ನಷ್ಟೇ ಅಲ್ಲ.

ನಿಮ್ಮ ಮನೆಯಲ್ಲಿ ಎದೆಬಡಿತದ ತೊಂದರೆ ಇರುವವರು ಇದ್ದರೆ ದಯವಿಟ್ಟು ಇಷ್ಟು ಮಾಡಿ. ಬಿದ್ದಾಗ ಮಲಗಿಸಿ, ಉಸಿರು ನೋಡಿ, ನಾಡಿ ಎಣಿಸಿ, ಇನ್ನೊಬ್ಬರು ಫೋನಿನಲ್ಲಿ ವಿಡಿಯೋ ತೆಗೆಯಲಿ. ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿ ಎದೆಯ ನಡುವೆ ಒತ್ತಲು ಶುರುಮಾಡಿ. ಎದ್ದು ಕೂತರೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ಗ್ಲೂಕೋಸ್ ಬಾಟ್ಲಿಗೆ ಮೊದಲು ಇಸಿಜಿ ಕೇಳಿ. ಅದು ಸರಿಯಿದೆ ಎಂದರೆ ಒಂದು ದಿನವಿಡೀ ಬಡಿತ ಬರೆದುಕೊಳ್ಳುವ ಹೋಲ್ಟರ್ ಬೇಕೇ ಎಂದು ಕೇಳಿ. ಅದರಲ್ಲೂ ಸಿಗದೆ ಮತ್ತೆ ಬಿದ್ದರೆ, ಚರ್ಮದಡಿಯಲ್ಲಿಟ್ಟು ವರ್ಷಗಟ್ಟಲೆ ಕಾಯುವ ಲೂಪ್ ರೆಕಾರ್ಡರ್ ಕೂಡ ಇದೆ. "ಇದು ಮಾಮೂಲು" ಎಂದು ಯಾರಾದರೂ ಹೇಳಿದರೆ, ಯಾವ ಪರೀಕ್ಷೆ ಮಾಡಿ ಹಾಗೆ ಹೇಳುತ್ತಿದ್ದೀರಿ ಎಂದು ಕೇಳಿ, ಉತ್ತರ ಬರುವವರೆಗೆ ಅಲ್ಲಿಂದ ಏಳಬೇಡಿ.